ತಡವಾಗಿ ಹೊರಟ ಹಡಗುಗಳು

(ಕೊಪ್ಪದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ವಿಷಯ ಏನೆಂದು ಸಂಘಟಕರು ಫೋನಿನಲ್ಲಿ ಕೇಳಿದರು. ‘ಸ್ಪೇನಿನ ನಿಧಿ ಹಡಗುಗಳು, ಅವುಗಳ ದಳಪತಿಗಳು, ಅವು ಮುಳುಗಿದ ಬಗೆ’ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಸಾರ್, ಅಡಿಕೆ ಎಲೆಚುಕ್ಕಿ ರೋಗದ ಬಗ್ಗೆ ಆದ್ರೆ ಜನ ಸೇರ್ತಾರೆ’ ಅಂದರು. ಎಲೆಚುಕ್ಕಿ ನಮ್ಮ ತೋಟಕ್ಕೂ ಬಂದಿದೆ. ಅದರ ಬಗ್ಗೆ ಮಾತಾಡುವಷ್ಟು ನನಗೆ ತಿಳಿಯದು. ತಿಳಿದವರ ಮಾತು ಕೇಳಿಯೂ ರೋಗ ಹೋಗಿಲ್ಲ. ಹಾಗಾಗಿ ಹಡಗನ್ನೇ ಹಿಡಿದುಕೊಂಡೆ. ಕೊಪ್ಪದಲ್ಲಿ ನಿಂತು ಸ್ಪೇನಿನ ಹಡಗಿನ ಮಾತೇಕೆ ಎಂಬ ನಿಮ್ಮ ಅನುಮಾನ ನ್ಯಾಯವಾದದ್ದೇ. ಅದಕ್ಕೇ ಹಡಗಿನಿಂದ ಶುರು ಮಾಡದೆ ಅಂಗಳದಿಂದ ಶುರು ಮಾಡುತ್ತೇನೆ.

ನನಗಾಗ ಎಂಟೋ ಒಂಬತ್ತೋ ವರ್ಷ. ಸಗಣಿ ಸಾರಿಸಿದ ಅಂಗಳದ ತುಂಬ ಚಾಪೆ ಹಾಸಿ ಮೆಣಸು ಹರವಿದ್ದರು. ಮೂರು ಬಿಸಿಲು ಕಂಡ ಮೆಣಸು ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ: ಮೇಲೆ ಕಪ್ಪಾಗಿ ಸುಕ್ಕು ಹಿಡಿದಿರುತ್ತದೆ, ಒಳಗೆ ಇನ್ನೂ ಹಸಿ. ಅಜ್ಜ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಸದ್ದು ಸಾಲದು ಎಂದು ಮತ್ತೆ ಚೆಲ್ಲಿದರು. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಹೂಮಳೆ ಬಂತು. ಕಾಫಿಯವರು ಕೈಮುಗಿಯುವ ಮಳೆಯೇ ಮೆಣಸಿನವರು ಬಾಯಿಬಡಿದುಕೊಳ್ಳುವ ಮಳೆ. ಎಂಜಲು ಕೈಯಲ್ಲೇ ಎಲ್ಲರೂ ಎದ್ದು ಓಡಿದೆವು. ಅರ್ಧ ಒಳಗೆ ಬಂತು, ಅರ್ಧ ನೆನೆಯಿತು. ಮೇಲೆ ಎರಡು ದಿನ ಮೋಡ. ಮೆಣಸಿಗೆ ಬೂಸಲು ಹಿಡಿಯಿತು. ಮಂಡಿಯಲ್ಲಿ ಮೂಸಿ ನೋಡಿ ದರ ಇಳಿಸಿದರು.

ಅಜ್ಜ ಮಳೆಯನ್ನು ಬೈಯಲಿಲ್ಲ. ಚಿಕ್ಕಪ್ಪನ ಕಡೆ ತಿರುಗಿ, ‘ಎಂಟು ದಿನ ಮೊದಲೇ ಏಣಿ ಹಾಕಿದ್ರೆ ಇದಾಗ್ತಿರಲಿಲ್ಲ’ ಅಂದರು. ಚಿಕ್ಕಪ್ಪ, ‘ಏಣಿಯವರಿಗೆ ಮುಂಗಡ ಕೊಡೋಕೆ ದುಡ್ಡೆಲ್ಲಿತ್ತು?’ ಅಂದರು. ದುಡ್ಡು ಮಂಡಿಯಿಂದ ಬರಬೇಕಿತ್ತು. ಮಂಡಿಯವರು ಹಿಂದಿನ ವರ್ಷದ ಮೆಣಸಿನ ಬಾಕಿ ಕೊಟ್ಟಿರಲಿಲ್ಲ, ಅವರಿಗೂ ಮೇಲಿನಿಂದ ಬಂದಿರಲಿಲ್ಲ. ಇಷ್ಟೇ ಮಾತು. ಈ ಎಂಟು ದಿನ ಮತ್ತು ಈ ಮುಂಗಡ, ಎರಡನ್ನೂ ನೆನಪಿಟ್ಟುಕೊಳ್ಳಿ. ಇನ್ನು ಒಂದು ಗಂಟೆ ನಾನು ಹೇಳಲಿರುವುದೆಲ್ಲ ಇದರ ವಿಸ್ತಾರ. ನಮ್ಮ ಅಂಗಳದಲ್ಲಿ ಅರ್ಧ ಖಂಡಿ ಮೆಣಸು ಹಾಳಾಯಿತು. ಅಲ್ಲಿ ಹಡಗಿಗೆ ಹಡಗೇ ಹೋಯಿತು.

ನಮ್ಮ ಸೀಮೆಯ ನೀರೆಲ್ಲ ಮೂಡಲಿಗೆ ಹರಿಯುತ್ತದೆ. ಶೃಂಗೇರಿಯ ತುಂಗೆಯಾಗಲಿ, ಆ ಕಡೆಯ ಭದ್ರೆಯಾಗಲಿ, ಕೂಡಲಿಯಲ್ಲಿ ಸೇರಿ, ಕೃಷ್ಣೆಯಲ್ಲಿ ಬೆರೆತು ಬಂಗಾಳ ಕೊಲ್ಲಿಗೆ ಹೋಗುವ ನೀರು. ಮೆಣಸು ಮಾತ್ರ ನೀರಿನ ದಾರಿ ಬಿಟ್ಟು ಪಡುವಲಿಗೆ ಹೋಗುತ್ತಿತ್ತು. ಆಗಿನ ಮೆಣಸು ಬಹಳಷ್ಟು ತೋಟದ್ದಲ್ಲ, ಕಾನಿನದು. ಸೊರಬ, ಸಾಗರದಿಂದ ಹಿಡಿದು ನಮ್ಮ ಕಡೆಯವರೆಗೂ ಊರ ಪಕ್ಕದ ಹಸುರು ಕಾನುಗಳಲ್ಲಿ ಬಳ್ಳಿ ತಾನಾಗಿ ಹಬ್ಬುತ್ತಿತ್ತು, ಊರವರು ಅದನ್ನು ಸವರಿ ಸಾಕಿ ಕೊಯ್ಯುತ್ತಿದ್ದರು. ಹೇರೆತ್ತುಗಳ ಬೆನ್ನ ಮೇಲೆ ಅದು ಘಟ್ಟ ಇಳಿಯುತ್ತಿತ್ತು. ಇಳಿಯುವಾಗ ಮೆಣಸು, ಅಡಿಕೆ. ಹತ್ತುವಾಗ ಉಪ್ಪು, ಕೊಬ್ಬರಿ, ಒಣಮೀನು. ಆಗುಂಬೆ ಕಡೆ ಇಳಿದರೆ ಬಾರಕೂರು, ಬಸರೂರು. ಕೆರೆಕಟ್ಟೆ ಕಡೆ ಇಳಿದರೆ ಕಾರ್ಕಳ, ಮಂಗಳೂರು. ಆಗುಂಬೆಯ ಸೂರ್ಯಾಸ್ತ ನೋಡುವ ಕಟ್ಟೆಯ ಮೇಲೆ ನಿಂತು ನಾನು ಮೊದಲ ಸಲ ಕಡಲನ್ನು ಕಂಡಾಗ ಅದು ಕಡಲೆಂದು ನಂಬಿಕೆ ಬರಲಿಲ್ಲ. ಆಕಾಶದ ಅಂಚಿಗೆ ತಗಡು ಬಡಿದ ಹಾಗೆ ಒಂದು ಗೆರೆ ಹೊಳೆಯುತ್ತಿತ್ತು. ಹೇರು ಹೊಡೆಯುವವರು ಆ ಗೆರೆಯವರೆಗೆ ಹೋಗಿ ವಾಪಸು ಬರುತ್ತಿದ್ದರು. ಅವರ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

ಆ ಗೆರೆಯ ದಡದಲ್ಲಿ ಯಾರಿದ್ದರು? 1568ರಲ್ಲಿ ಮಂಗಳೂರು, 1569ರಲ್ಲಿ ಹೊನ್ನಾವರ ಮತ್ತು ಬಸರೂರು, ಹೀಗೆ ಎರಡೇ ವರ್ಷದಲ್ಲಿ ಕನ್ನಡ ಕರಾವಳಿಯ ಮೂರು ದೊಡ್ಡ ಬಂದರುಗಳ ಬಾಯಿಗೆ ಪೋರ್ಚುಗೀಸರು ಕೋಟೆ ಕೂರಿಸಿದರು. ಕೇರಳದ ಮೆಣಸು ಮಾತ್ರ ಸಾಲದೆ ಕನ್ನಡದ ಮೆಣಸಿಗೆ ಕೈ ಚಾಚಿದ ಕಾಲ ಅದು. ಅವರು ತೂಗುತ್ತಿದ್ದ ಅಳತೆಗೆ ‘ಕಿಂಟಾಲ್’ ಎಂದು ಹೆಸರು. ಇವತ್ತು ನಮ್ಮ ಮಂಡಿಯ ಬೋರ್ಡಿನ ಮೇಲೆ ಬರೆದಿರುವ ಕ್ವಿಂಟಲ್ ಅದರ ಬಂಧುವೇ. ಅವರದು ನಮ್ಮದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಮೇಜು, ಚಾವಿ, ಪಾದ್ರಿ, ಇಗರ್ಜಿ ಎಲ್ಲ ಅದೇ ಹಡಗಿನಲ್ಲಿ ಬಂದಿಳಿದ ಮಾತುಗಳು. ಇನ್ನೊಂದು ತಮಾಷೆ ಇದೆ. ಸ್ಪೇನ್, ಪೋರ್ಚುಗಲ್ಲಿನವರು ಅಮೆರಿಕದಿಂದ ಹೊತ್ತು ತಂದ ಖಾರದ ಕಾಯಿಗೆ ನಾವು ‘ಮೆಣಸಿನಕಾಯಿ’ ಎಂದು ನಮ್ಮ ಮೆಣಸಿನ ಹೆಸರನ್ನೇ ಇಟ್ಟೆವು. ಬಂದವಳಿಗೆ ಮನೆಯ ಹೆಸರು ಹೋಯಿತು. ಮನೆಯಲ್ಲೇ ಇದ್ದದ್ದು ತನ್ನನ್ನು ‘ಕಾಳುಮೆಣಸು’, ‘ಒಳ್ಳೆಮೆಣಸು’ ಎಂದು ಬಿಡಿಸಿ ಹೇಳಿಕೊಳ್ಳಬೇಕಾಯಿತು.

ಕರಾವಳಿಯ ಈ ವ್ಯಾಪಾರದ ನಡುವೆ ಒಬ್ಬ ಹೆಂಗಸು ಗಟ್ಟಿಯಾಗಿ ಕೂತಿದ್ದಳು. ಗೇರುಸೊಪ್ಪೆಯ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳಿಗೆ ‘ರೈನಾ ದ ಪಿಮೆಂಟಾ’, ಮೆಣಸಿನ ರಾಣಿ ಎಂದು ಹೆಸರಿಟ್ಟಿದ್ದರು. ಅವಳ ಆಳ್ವಿಕೆಯನ್ನು 1552ರಿಂದ 1606ರವರೆಗೆ ಎಂದು ಹೇಳುವುದು ವಾಡಿಕೆ. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನ ಕೈಯಲ್ಲಿ ಸೋತು ಇಕ್ಕೇರಿಯಲ್ಲಿ ಸೆರೆಯಾದಳು. ಗೇರುಸೊಪ್ಪೆ ಪಾಳುಬಿತ್ತು. ನರಸಿಂಹರಾಜಪುರದವರು ಇಲ್ಲಿದ್ದೀರಿ. ನಿಮ್ಮ ಊರಿಗೆ 1915ರವರೆಗೂ ಎಡೇಹಳ್ಳಿ ಎಂದು ಹೆಸರಿತ್ತು, ಯುವರಾಜರು ಬಂದುಹೋದ ಮೇಲೆ ಈ ಹೆಸರಾಯಿತು. ಆ ಊರಿನ ಸಿಂಹನಗದ್ದೆ ಬಸದಿಯ ಜ್ವಾಲಾಮಾಲಿನಿ ಅಮ್ಮನವರು ಗೇರುಸೊಪ್ಪೆಯಿಂದ ಬಂದವರೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಮೆಣಸಿನ ರಾಣಿಯ ಊರು ಹಾಳಾದಾಗ ದೇವರು ಘಟ್ಟ ಹತ್ತಿ ನಿಮ್ಮಲ್ಲಿಗೆ ಬಂದರು.

1552, 1606. ಈ ಎರಡು ಇಸವಿಗಳನ್ನು ನಾನು ಬೇಕೆಂದೇ ಹೇಳಿದೆ. ರಾಣಿಯ ಆಳ್ವಿಕೆಯ ಎರಡು ತುದಿಗಳಲ್ಲಿ ಎರಡು ಮೆಣಸಿನ ಹಡಗುಗಳು ಒಡೆದು ಬಿದ್ದಿವೆ.

ಮೊದಲನೆಯದರ ಹೆಸರು ಸಾವ್ ಜುವಾವ್. ದಳಪತಿ ಮನುಯೆಲ್ ದ ಸೋಜಾ ಸೆಪುಲ್ವೆದಾ, ಒಳ್ಳೆಯ ಮನೆತನದವನು. ಆ ಕಾಲದ ಹಡಗಿನ ದಳಪತಿಗೆ ಕಡಲು ಗೊತ್ತಿರಲೇಬೇಕೆಂದಿರಲಿಲ್ಲ. ದಿಕ್ಕು ನೋಡುವುದು ಪೈಲಟ್‌ನ ಕೆಲಸ. ದಳಪತಿಗೆ ಬೇಕಾದದ್ದು ವಂಶ ಮತ್ತು ರಾಜನ ಕೃಪೆ. ಕೊಚ್ಚಿಯಿಂದ ಲಿಸ್ಬನ್‌ಗೆ ಹೋಗುವ ಹಡಗು ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಹೊರಟುಬಿಡಬೇಕು. ಆಗ ಈಶಾನ್ಯದ ಗಾಳಿ ಹಿಂದಿನಿಂದ ತಳ್ಳುತ್ತದೆ, ಆಫ್ರಿಕದ ತುದಿಯ ಗುಡ್‌ಹೋಪ್ ಭೂಶಿರವನ್ನು ಅಲ್ಲಿಯ ಚಳಿಗಾಲ ಬರುವ ಮೊದಲೇ ದಾಟಬಹುದು. ನಮ್ಮ ಮಳೆಗಾಲ ಶುರುವಾಗುವ ಹೊತ್ತಿಗೆ ಅಲ್ಲಿ ಚಳಿಗಾಲ, ಮೇ ತಿಂಗಳ ಮೇಲೆ ಪಡುವಣ ಗಾಳಿ ಎದುರಿಗೇ ಬೀಸುತ್ತದೆ. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡದೆ ದೋಣಿ ಇಳಿಸದ ನಮ್ಮ ಕರಾವಳಿಯ ಮೊಗವೀರರಿಗೆ ಇದನ್ನು ಹೇಳಿದ್ದರೆ, ‘ಮತ್ತಿನ್ನೇನು!’ ಎನ್ನುತ್ತಿದ್ದರು.

ಸೆಪುಲ್ವೆದಾ ಹೊರಟದ್ದು 1552ರ ಫೆಬ್ರವರಿ 3ಕ್ಕೆ. ತಡವಾದದ್ದಕ್ಕೆ ಕಾರಣವನ್ನು ಆ ಹಡಗಿನ ಕತೆ ಬರೆದಿಟ್ಟವರು ಶುರುವಿನಲ್ಲೇ ಹೇಳುತ್ತಾರೆ: ಮೆಣಸು. ಕೊಲ್ಲಂಗೆ ಹೋದರೆ ಅಲ್ಲಿ ಮೆಣಸು ಕಡಿಮೆ, ಸಿಕ್ಕಿದ್ದು 4,500 ಕಿಂಟಾಲ್. ಉಳಿದದ್ದಕ್ಕೆ ಕೊಚ್ಚಿಗೆ ಬಂದರೆ ಮಲಬಾರಿನಲ್ಲಿ ಯುದ್ಧ. ಒದ್ದಾಡಿ ಒದ್ದಾಡಿ 7,500 ಕಿಂಟಾಲ್ ಮಾಡಿಕೊಳ್ಳುವ ಹೊತ್ತಿಗೆ ಜನವರಿ ಮುಗಿದೇ ಹೋಗಿತ್ತು. ಖಾಲಿ ಜಾಗ ಬಿಟ್ಟು ಹೊರಟರೆ ರಾಜನಿಗೆ ನಷ್ಟ, ತುಂಬಿಕೊಂಡು ಹೊರಟರೆ ಹಂಗಾಮು ತಪ್ಪುತ್ತದೆ. ಅವನು ತುಂಬಿಕೊಂಡ. ಹಾಯಿಪಟಗಳು ಹಳೆಯವು, ಹರಿದವು. ಬದಲಿಗೆ ಇನ್ನೊಂದು ಜೊತೆ ಇರಲಿಲ್ಲ. ನಡುದಾರಿಯಲ್ಲಿ ಹಾಯಿ ಇಳಿಸಿ ಹೊಲಿಯುತ್ತ ಕೂತು ಇನ್ನಷ್ಟು ದಿನ ಕಳೆದರು. ಅಷ್ಟು ಮೆಣಸಿಗೆ ಜಾಗವಿದ್ದ ಹಡಗಿನಲ್ಲಿ ಒಂದು ಜೊತೆ ಹೊಸ ಬಟ್ಟೆಗೆ ದುಡ್ಡಿರಲಿಲ್ಲ ಎನ್ನುವುದನ್ನು ಓದಿದಾಗ ನನಗೆ ಚಿಕ್ಕಪ್ಪನ ಮುಖ ನೆನಪಾಯಿತು.

ಮೇ ತಿಂಗಳಲ್ಲಿ ಭೂಶಿರ ಇನ್ನು 25 ಲೀಗ್ ದೂರವಿದೆ ಎನ್ನುವಾಗ ಗಾಳಿ ತಿರುಗಿತು. ಹಾಯಿ ಹರಿಯಿತು, ಕಂಬ ಮುರಿಯಿತು, ಚುಕ್ಕಾಣಿ ಕಿತ್ತುಹೋಯಿತು. ಜೂನ್‌ನಲ್ಲಿ ಇವತ್ತಿನ ದಕ್ಷಿಣ ಆಫ್ರಿಕದ ನಟಾಲ್ ಕರಾವಳಿಯಲ್ಲಿ ಹಡಗು ಒಡೆಯಿತು. ದಡ ಸೇರಿದ ಸುಮಾರು ಐನೂರು ಜನ ಬಡಗಲಿಗೆ ನಡೆಯಲು ಹೊರಟರು. ಅವರಲ್ಲಿ ಹೆಚ್ಚಿನವರು ಗುಲಾಮರು. ತಿಂಗಳುಗಟ್ಟಲೆ ನಡೆದರು, ಹಸಿವು, ಜ್ವರ, ಜಗಳ. ಸೆಪುಲ್ವೆದಾನ ಹೆಂಡತಿ ದೋನಾ ಲಿಯೊನೋರ್‌ಳ ಬಟ್ಟೆಯನ್ನೂ ಕಸಿದುಕೊಂಡಾಗ ಅವಳು ಮರಳಿನಲ್ಲಿ ಗುಂಡಿ ತೋಡಿ ಸೊಂಟದವರೆಗೆ ತನ್ನನ್ನು ಹೂತುಕೊಂಡು, ಅಲ್ಲಿಂದ ಏಳಲಿಲ್ಲ. ಅವಳನ್ನೂ ಮಗುವನ್ನೂ ಮಣ್ಣು ಮಾಡಿ ದಳಪತಿ ಒಬ್ಬನೇ ಕಾಡಿನೊಳಕ್ಕೆ ನಡೆದ. ಮತ್ತೆ ಯಾರಿಗೂ ಕಾಣಲಿಲ್ಲ. 1553ರ ಮೇ ತಿಂಗಳಲ್ಲಿ ಮೊಜಾಂಬಿಕ್ ತಲುಪಿದವರು ಎಂಟು ಜನ ಪೋರ್ಚುಗೀಸರು, ಹದಿನೇಳು ಗುಲಾಮರು. ಕವಿ ಕಮೋಯಿಸ್ ತನ್ನ ಮಹಾಕಾವ್ಯದಲ್ಲಿ ದೋನಾ ಲಿಯೊನೋರ್‌ಳಿಗೆ ಜಾಗ ಕೊಟ್ಟ. ಆ ಹದಿನೇಳು ಮಂದಿಯಲ್ಲಿ ಮೂವರು ಹೆಂಗಸರು. ಅವರೂ ಅಷ್ಟೇ ನಡೆದಿದ್ದರು, ಹೊರೆಯನ್ನೂ ಹೊತ್ತಿದ್ದರು.

ಈಗ ಸ್ಪೇನಿಗೆ ಬರೋಣ. ‘ಇದುವರೆಗೆ ಪೋರ್ಚುಗಲ್ ಹೇಳಿದಿರಿ’ ಎಂದು ಮುಂದಿನ ಸಾಲಿನವರು ಹುಬ್ಬೇರಿಸುತ್ತಿದ್ದಾರೆ. 1580ರಿಂದ 1640ರವರೆಗೆ ಎರಡು ದೇಶಕ್ಕೂ ಒಬ್ಬನೇ ರಾಜ. ಸ್ಪೇನಿನ ಫಿಲಿಪ್‌ಗಳೇ ಪೋರ್ಚುಗಲ್ಲಿನ ಸಿಂಹಾಸನದಲ್ಲೂ ಕೂತಿದ್ದರು. ಅಂದರೆ ಬಸರೂರಿನ ಮೆಣಸೂ ಪೆರುವಿನ ಬೆಳ್ಳಿಯೂ ಒಂದೇ ಯಜಮಾನನ ಎರಡು ತೋಟ.

ನಮ್ಮ ಮೆಣಸಿಗೆ ಅವರು ಕೊಡಬಹುದಾಗಿದ್ದದ್ದೇನು? ಅವರ ಉಣ್ಣೆ ಬಟ್ಟೆ ನಮ್ಮ ಸೆಕೆಗೆ ಬೇಡ. ಬೇಕಾದದ್ದು ಬೆಳ್ಳಿ, ಬಂಗಾರ. ಇವತ್ತಿನ ಬೊಲಿವಿಯಾದ ಪೊತೊಸಿ ಎಂಬಲ್ಲಿ 1545ರಲ್ಲಿ ಒಂದು ಬೆಳ್ಳಿಯ ಬೆಟ್ಟವೇ ಸಿಕ್ಕಿತು. ಸುತ್ತಲಿನ ಊರುಗಳ ಆದಿವಾಸಿಗಳನ್ನು ಸರದಿಯ ಮೇಲೆ ಬಿಟ್ಟಿಗೆ ಹಿಡಿದು ಆ ಬೆಟ್ಟದ ಹೊಟ್ಟೆಗೆ ಇಳಿಸಿದರು. ಅಗೆದ ಬೆಳ್ಳಿ ಎಂಟು ರಿಯಾಲಿನ ನಾಣ್ಯವಾಗಿ, ಗಟ್ಟಿಯಾಗಿ ಕರಾವಳಿಗೆ ಇಳಿಯಿತು. ಲಾಮಾ ಎಂಬ ಪ್ರಾಣಿ ಅವರ ಹೇರೆತ್ತು. ವರ್ಷಕ್ಕೆ ಒಂದೋ ಎರಡೋ ಹಡಗುಪಡೆ ಅದನ್ನು ತುಂಬಿಕೊಂಡು ಕ್ಯೂಬಾದ ಹವಾನಾದಲ್ಲಿ ಸೇರಿ, ಫ್ಲಾರಿಡಾದ ಪಕ್ಕ ಹಾಯ್ದು ಸ್ಪೇನಿಗೆ ಹೋಗಬೇಕು. ಮುಂದಿನ ಹಡಗಿನಲ್ಲಿ ಕ್ಯಾಪ್ಟನ್ ಜನರಲ್, ಹಿಂಬದಿಯ ಹಡಗಿನಲ್ಲಿ ಅಡ್ಮಿರಲ್. ಆ ಬೆಳ್ಳಿಯ ಒಂದು ಪಾಲು ಲಿಸ್ಬನ್‌ನಲ್ಲಿ ಪೆಟ್ಟಿಗೆಗಳಿಗೆ ತುಂಬಿ ಗೋವೆಗೆ ಬರುತ್ತಿತ್ತು. ಅದು ಬಂದರೆ ಮೆಣಸಿಗೆ ಮುಂಗಡ. ಬರದಿದ್ದರೆ ಸಾಲ, ಇಲ್ಲವೇ ಸಬೂಬು.

ಹವಾನಾದ ಆ ಕಡಲಿಗೂ ಒಂದು ಪಂಚಾಂಗ ಇದೆ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಅಲ್ಲಿ ಚಂಡಮಾರುತದ ಕಾಲ. ಎಲ್ಲ ದಳಪತಿಗಳಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ತಡವಾಗಿ ಹೊರಟರು. ಬೆಳ್ಳಿ ಬಂದಿರಲಿಲ್ಲ, ಬಂದರಿನ ವ್ಯಾಪಾರದ ಜಾತ್ರೆ ಮುಗಿದಿರಲಿಲ್ಲ, ಇನ್ನೊಂದು ಪಡೆ ಸೇರಿರಲಿಲ್ಲ, ವೈರಿ ಹಡಗುಗಳ ಸುಳಿವಿತ್ತು. ಪ್ರತಿಯೊಂದು ಕಾರಣವೂ ಆ ಕ್ಷಣಕ್ಕೆ ಸರಿಯಾದದ್ದೇ.

1605ರ ನವೆಂಬರ್. ಲೂಯಿಸ್ ಫರ್ನಾಂಡೆಸ್ ದೆ ಕೊರ್ದೊಬಾನ ಕೈಕೆಳಗಿನ ನಾಲ್ಕು ದೊಡ್ಡ ಹಡಗುಗಳು ಕೆರಿಬಿಯನ್ ಕಡಲಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿದವು. ದಳಪತಿಯೂ ಹೋದ, ಸುಮಾರು 1,300 ಜನ ಹೋದರು, ಬೆಳ್ಳಿ ಇನ್ನೂ ಸಿಕ್ಕಿಲ್ಲ. ಸುಮಾರು ಹತ್ತು ತಿಂಗಳಾದ ಮೇಲೆ, 1606ರ ಸೆಪ್ಟೆಂಬರ್‌ನಲ್ಲಿ ಅದೇ ರಾಜನ ಮೆಣಸಿನ ಹಡಗು, ನೋಸಾ ಸೆನ್ಯೋರಾ ದೋಸ್ ಮಾರ್ತಿರೆಸ್, ಕೊಚ್ಚಿಯಿಂದ ಜನವರಿಯಲ್ಲಿ ಹೊರಟು ಎಂಟು ತಿಂಗಳು ತೇಲಿ, ಲಿಸ್ಬನ್ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು, ತೇಜೋ ನದಿಯ ಬಾಯಲ್ಲಿ ಬಂಡೆಗೆ ಬಡಿದು ಚೂರಾಯಿತು. ಇದರ ದಳಪತಿ ಮನುಯೆಲ್ ಬಾರೆತೊ ರೋಲಿಂ, ಅಪ್ಪನ ಮಾತು ಮೀರಿ ಮದುವೆಯಾಗಿ ಆಸ್ತಿ ಕಳೆದುಕೊಂಡು, ಅದೃಷ್ಟ ಹುಡುಕಿ ನಮ್ಮ ಕಡೆ ಬಂದಿದ್ದವನು. ಈ ಹಡಗು ತಡವಾಗಿ ಹೊರಟದ್ದಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಮನೆ ಬಾಗಿಲಲ್ಲಿ ಎಡವಿತು.

ಅಂಥ ಹಡಗಿನಲ್ಲಿ ಮೆಣಸನ್ನು ಚೀಲದಲ್ಲಿ ಇಡುತ್ತಿರಲಿಲ್ಲ. ಹಲಗೆಯ ಕೋಣೆಗಳೊಳಗೆ ಭತ್ತದ ಕಣಜದ ಹಾಗೆ ಸುರಿದು, ಸಂದಿಗೆ ನಾರು ತುರುಕಿ, ಬಾಯಿ ಮುಚ್ಚಿ ಮೊಹರು ಹಾಕುತ್ತಿದ್ದರು. ರಾಜನ ಮೆಣಸಿಗೆ ಕೋಣೆ. ಉಳಿದವರ ಪೆಟ್ಟಿಗೆ, ಗಂಟು, ಕೋಳಿಪಂಜರ ಎಲ್ಲ ಮೇಲಂತಸ್ತಿನಲ್ಲಿ. ಹಡಗು ಒಡೆದಾಗ ಕೋಣೆಗಳ ಬಾಯಿ ಬಿಚ್ಚಿತು. ನೀರಿನ ಮೇಲೆ ಮೆಣಸು ಕರಿಯ ತೆರೆಯಾಗಿ ಹರಡಿತು. ದಡದವರು ದೋಣಿ ತಂದು ಬಲೆಯಲ್ಲಿ, ಬುಟ್ಟಿಯಲ್ಲಿ ಬಾಚಿಕೊಂಡರು. ಕಾವಲಿಗೆ ಬಂದ ರಾಜನ ಜನ ಕೂಗಾಡಿದರು. ಕತೆ ಓದುತ್ತ ನನಗೆ ಅಂಗಳದಲ್ಲಿ ಎಂಜಲು ಕೈಯಲ್ಲಿ ಓಡಿದ್ದು ನೆನಪಾಗಿ ನಗು ಬಂತು. ನೆನೆದ ಮೆಣಸನ್ನು ಅವರು ಹೇಗೆ ಒಣಗಿಸಿದರೋ! ಸೆಪ್ಟೆಂಬರಿನಲ್ಲಿ ಅಲ್ಲಿ ಒಳ್ಳೆಯ ಬಿಸಿಲು.

ಅದೇ ವರ್ಷ ಇಲ್ಲಿ ಗೇರುಸೊಪ್ಪೆಯ ಆಟ ಮುಗಿಯಿತು.

ಹದಿನಾರು ವರ್ಷ ಬಿಟ್ಟು 1622ಕ್ಕೆ ಬನ್ನಿ. ಹವಾನಾದಿಂದ 28 ಹಡಗುಗಳ ಪಡೆ ಸೆಪ್ಟೆಂಬರ್ 4ಕ್ಕೆ ಹೊರಟಿತು, ಹೊರಡಬೇಕಾದ ಸಮಯ ಮೀರಿ ಆರು ವಾರ. ಕ್ಯಾಪ್ಟನ್ ಜನರಲ್ ಕಾದೆರೇತಾದ ಮಾರ್ಕ್ವಿಸ್. ಮರುದಿನವೇ ಚಂಡಮಾರುತ. ಹಿಂಬದಿ ಕಾಯುತ್ತಿದ್ದ ಅತೋಚಾ ಎಂಬ ಹಡಗು ಫ್ಲಾರಿಡಾದ ದಿಬ್ಬಕ್ಕೆ ಬಡಿದು ಮುಳುಗಿತು. ಅದರಲ್ಲಿದ್ದದ್ದು 24 ಟನ್ ಬೆಳ್ಳಿಗಟ್ಟಿ, ಬಂಗಾರದ ಗಟ್ಟಿಗಳು, ತಾಮ್ರ, 350 ಪೆಟ್ಟಿಗೆ ನೀಲಿ, 525 ಮೂಟೆ ಹೊಗೆಸೊಪ್ಪು, 265 ಜನ. ಉಳಿದವರು ಐವರು: ಮೂವರು ನಾವಿಕರು, ಇಬ್ಬರು ಗುಲಾಮರು, ನೀರಿನ ಮೇಲೆ ಚಾಚಿದ್ದ ಒಂದು ಮುರುಕು ಕಂಬವನ್ನು ತಬ್ಬಿಕೊಂಡಿದ್ದವರು. ಒಟ್ಟು ಎಂಟು ಹಡಗು ಹೋದವು. ಮಾರ್ಕ್ವಿಸ್‌ನ ಹಡಗು ಉಳಿಯಿತು. ಮುಂದೆ 1635ರಲ್ಲಿ ಅವನು ಮೆಕ್ಸಿಕೊದ ವೈಸ್‌ರಾಯ್ ಆದ.

ಇದರ ಪಕ್ಕದಲ್ಲೇ ಇನ್ನೊಬ್ಬನನ್ನು ನಿಲ್ಲಿಸಿ ನೋಡಬೇಕು. ಹುವಾನ್ ದೆ ಬೆನಾವಿದೆಸ್. 1628ರ ಸೆಪ್ಟೆಂಬರ್‌ನಲ್ಲಿ ಡಚ್ಚರ ಪೀಟ್ ಹೈನ್ ಅಟ್ಟಿಸಿಕೊಂಡು ಬಂದಾಗ ಬೆನಾವಿದೆಸ್ ತನ್ನ ಪಡೆಯನ್ನು ಕ್ಯೂಬಾದ ಮತಾನ್ಸಾಸ್ ಕೊಲ್ಲಿಯೊಳಕ್ಕೆ ನುಗ್ಗಿಸಿದ. ಹಡಗುಗಳು ಕೆಸರಿನ ದಿಬ್ಬಕ್ಕೆ ಕೂತವು. ಜನ ದಡಕ್ಕೆ ಹಾರಿದರು, ದಳಪತಿಯೂ ದಡ ಸೇರಿದ. ಇಡೀ ಬೆಳ್ಳಿ ಡಚ್ಚರಿಗೆ ಸಿಕ್ಕಿತು. ಯಾವ ಹಡಗನ್ನೂ ಅವನು ಗಾಳಿಗೆ ಕಳೆದುಕೊಂಡಿರಲಿಲ್ಲ, ಅತೋಚಾದಲ್ಲಿ ಸತ್ತಷ್ಟು ಜನವೂ ಸಾಯಲಿಲ್ಲ. ಆದರೆ ಅವನನ್ನು ಹಿಡಿದು ವರ್ಷಗಟ್ಟಲೆ ವಿಚಾರಣೆ ಮಾಡಿ 1634ರ ಮೇ ತಿಂಗಳಲ್ಲಿ ಸೆವಿಲ್ಲೆಯ ಚೌಕದಲ್ಲಿ ಎಲ್ಲರೆದುರು ಕೊಂದರು. ಜನ ಸತ್ತರೆ ಅದು ದೇವರ ಚಿತ್ತ. ಬೆಳ್ಳಿ ವೈರಿಯ ಕೈಸೇರಿದರೆ ಅದು ದ್ರೋಹ. ಬೆನಾವಿದೆಸ್ ಹೇಡಿಯಾಗಿರಬಹುದು. ಅವನ ಮೇಲೆ ನನಗೆ ಅಂಥ ಮಮತೆ ಏನಿಲ್ಲ. ಆದರೂ ಆ ಕಟ್ಟೆಯ ಮೇಲೆ ಹೊಣೆಗಾರರೆಲ್ಲ ನಿಂತಿರಲಿಲ್ಲ ಎನ್ನಿಸುತ್ತದೆ.

1715ರದ್ದು ಬೇಗ ಹೇಳಿಬಿಡುತ್ತೇನೆ. ಸ್ಪೇನಿನಲ್ಲಿ ದೊಡ್ಡ ಯುದ್ಧ ಆಗಷ್ಟೇ ಮುಗಿದಿತ್ತು, ಖಜಾನೆ ಖಾಲಿ. ರಾಜ ಬೆಳ್ಳಿಗೆ ಕಾಯುತ್ತಿದ್ದ. ಹವಾನಾದಲ್ಲಿ ಕಾದು ಕಾದು ಹುವಾನ್ ಎಸ್ತೆಬಾನ್ ದೆ ಊಬಿಯಾ, ಅಂತೋನಿಯೊ ದೆ ಎಚೆವೆರ್ಸ್ ಇಬ್ಬರೂ ಒಟ್ಟಾಗಿ ಜುಲೈ 24ಕ್ಕೆ ಹೊರಟರು. ಒಂದೇ ವಾರ. ಜುಲೈ 31ರ ಬೆಳಗಿನ ಜಾವಕ್ಕೆ ಹನ್ನೆರಡರಲ್ಲಿ ಹನ್ನೊಂದು ಹಡಗು ಫ್ಲಾರಿಡಾದ ದಡದುದ್ದಕ್ಕೂ ಚೂರಾಗಿದ್ದವು. ಊಬಿಯಾನೂ ಸೇರಿ ಸುಮಾರು ಸಾವಿರ ಜನ ಹೋದರು. ಉಳಿದ ಒಂದು ಹಡಗು ಫ್ರೆಂಚರದು.

ಮತ್ತೆ 1622ಕ್ಕೆ ಹಿಂತಿರುಗುತ್ತೇನೆ, ಏಕೆಂದರೆ ಅಲ್ಲಿಂದ ನಮ್ಮ ಘಟ್ಟಕ್ಕೆ ನೇರ ದಾರಿ ಇದೆ. ಅದೇ ವರ್ಷ ಜುಲೈಯಲ್ಲಿ ಮೊಜಾಂಬಿಕ್ ಹತ್ತಿರ, ಗೋವೆಗೆ ವೈಸ್‌ರಾಯ್ ಆಗಿ ಬರುತ್ತಿದ್ದ ಫ್ರಾನ್ಸಿಸ್ಕೊ ದ ಗಾಮಾನ ಹಡಗುಗಳ ಮೇಲೆ ಇಂಗ್ಲಿಷರೂ ಡಚ್ಚರೂ ಸೇರಿ ಬಿದ್ದರು. ಇವನು ವಾಸ್ಕೊ ಡ ಗಾಮಾನ ವಂಶದವನೇ. ಮೂರು ದೊಡ್ಡ ಹಡಗು ಹೋದವು. ರಿಯಾಲಿನ ಪೆಟ್ಟಿಗೆಗಳಲ್ಲಿ ಕೆಲವು ನೀರುಪಾಲು, ಕೆಲವು ವೈರಿಪಾಲು. ಸೆಪ್ಟೆಂಬರಿನಲ್ಲಿ ಆ ಕಡಲಲ್ಲಿ ಅತೋಚಾ. ಮರುವರ್ಷ, 1623ರಲ್ಲಿ, ಪೋರ್ಚುಗೀಸರ ರಾಯಭಾರಿ ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಏರಿ, ಘಟ್ಟ ಹತ್ತಿ ಇಕ್ಕೇರಿಗೆ ವೆಂಕಟಪ್ಪ ನಾಯಕನನ್ನು ಕಾಣಲು ಬಂದ. ಕರಾವಳಿಯ ಬಂಗ ಅರಸನ ತಕರಾರು ಒಂದು, ಮೆಣಸಿನ ವ್ಯವಹಾರ ಇನ್ನೊಂದು. ಹಿಂದಿನ ವರ್ಷ ಎರಡೂ ಕಡಲಲ್ಲಿ ಇಷ್ಟು ಕಳೆದುಕೊಂಡವರ ರಾಯಭಾರಿಯ ಜೇಬು ಎಷ್ಟು ಭಾರವಿದ್ದೀತು!

ಆ ರಾಯಭಾರಿಯ ಜೊತೆ ಬಂದಿದ್ದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ದಾರಿಯ ವಿವರಗಳನ್ನೆಲ್ಲ ಬರೆದಿಟ್ಟ. ಪಾಳುಬಿದ್ದ ಗೇರುಸೊಪ್ಪೆಯನ್ನು ನೋಡಿ, ಮೆಣಸಿನ ರಾಣಿ ಎಂಬ ಹೆಸರನ್ನು ಕೇಳಿ ಬರೆದುಕೊಂಡ. ಘಟ್ಟದ ಮೇಲೆ ಒಂದು ಹನುಮಂತನ ಗುಡಿಯ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರವಿ, ಬೆರಳಿನಿಂದ ಅಂಕೆ ಬರೆಯುತ್ತ, ರಾಗವಾಗಿ ಒಟ್ಟಿಗೆ ಮಗ್ಗಿ ಹೇಳುತ್ತಿದ್ದುದನ್ನು ಕಂಡು ನಿಂತುಬಿಟ್ಟ. ಮರಳು ತುಂಬಿದಾಗ ಅಳಿಸಿ ಹೊಸ ಮರಳು ಎರಚಿಕೊಳ್ಳುತ್ತಿದ್ದರಂತೆ. ಕಾಗದಕ್ಕೂ ಮಸಿಗೂ ಖರ್ಚಿಲ್ಲ ಎಂದು ಮೆಚ್ಚಿಕೊಂಡ. ಆ ಹುಡುಗರಲ್ಲಿ ಯಾರೋ ಒಬ್ಬ ಮುಂದೆ ಬಸರೂರಿನ ಸೆಟ್ಟರ ಗದ್ದುಗೆಯಲ್ಲಿ ಕೂತು ಮೆಣಸಿನ ಲೆಕ್ಕ ಬರೆದಿರಬೇಕು ಎಂದು ನನಗೊಂದು ಆಸೆ. 1652ರಿಂದ 1654ರೊಳಗೆ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರಿನ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡ. ಆ ಹೊತ್ತಿಗೆ ಆ ಮಕ್ಕಳು ನಡುವಯಸ್ಸಿಗೆ ಬಂದಿರಬೇಕು.

ನನ್ನ ಮಾತಿನ ತಿರುಳು ಇಷ್ಟೇ. ದಳಪತಿಗಳ ಕತೆಗಳನ್ನು ಗಾಳಿಯ ಕತೆ, ಧೈರ್ಯದ ಕತೆ, ಕೆಟ್ಟ ಗಳಿಗೆಯ ಕತೆ ಎಂದು ಬರೆಯುವವರು ಬರೆದಿದ್ದಾರೆ. ನಾನು ಅದನ್ನು ಬಾಕಿಯ ಕತೆ ಎಂದು ಓದುತ್ತೇನೆ. ಒಂದು ಕಡಲಲ್ಲಿ ಬೆಳ್ಳಿ ಮುಳುಗಿದರೆ ಮುಂದಿನ ವರ್ಷ ಇನ್ನೊಂದು ಕಡಲಲ್ಲಿ ಮೆಣಸಿಗೆ ಮುಂಗಡ ಇಲ್ಲ. ಮುಂಗಡ ಇಲ್ಲದಿದ್ದರೆ ಮೆಣಸು ಬಂದರಿಗೆ ತಡವಾಗಿ ಬರುತ್ತದೆ, ಹಳೆಯ ಹಾಯಿಯೇ ಸಾಕು ಎನ್ನುತ್ತಾರೆ. ತಡವಾದ ಹಡಗು ಚಳಿಗಾಲದ ಗಾಳಿಗೆ ಸಿಗುತ್ತದೆ. ಅದು ಮುಳುಗಿದರೆ ಅದರ ಮುಂದಿನ ವರ್ಷ ಇನ್ನೂ ಕಡಿಮೆ ದುಡ್ಡು. ಒಬ್ಬ ದಳಪತಿ ಮುಳುಗುವಾಗ ಮುಂದಿನವನ ಎಂಟು ದಿನವನ್ನೂ ಜೊತೆಗೇ ಒಯ್ದ.

ಮುಳುಗಿದ್ದನ್ನು ಎತ್ತುವವರ ಕತೆಯೂ ಇದೆ. ಅತೋಚಾವನ್ನು ಮೆಲ್ ಫಿಶರ್ ಎಂಬ ಅಮೆರಿಕದವನು ಹದಿನಾರು ವರ್ಷ ಹುಡುಕಿದ. 1975ರಲ್ಲಿ ಮಗ, ಸೊಸೆ, ಇನ್ನೊಬ್ಬ ಮುಳುಗುಗಾರ ಮೂವರೂ ನೀರಿಗೆ ಬಲಿಯಾದರು. ಹತ್ತು ವರ್ಷದ ಮೇಲೆ, 1985ರ ಜುಲೈ 20ಕ್ಕೆ ಬೆಳ್ಳಿಯ ರಾಶಿ ಸಿಕ್ಕಿತು. 1708ರಲ್ಲಿ ಇಂಗ್ಲಿಷರ ಎದುರು ಕಾದಾಡುತ್ತ ಸ್ಫೋಟಗೊಂಡು ಮುಳುಗಿದ ಸ್ಯಾನ್ ಹೊಸೆ, ಆರು ನೂರರಲ್ಲಿ ಹನ್ನೊಂದೇ ಜನ ಬದುಕಿದ ಹಡಗು, 2015ರಲ್ಲಿ ಕೊಲಂಬಿಯಾದ ಕರಾವಳಿಯಲ್ಲಿ ಪತ್ತೆಯಾಯಿತು. ಅದು ಯಾರದ್ದು? ನೀರು ನಮ್ಮದು ಎನ್ನುತ್ತದೆ ಕೊಲಂಬಿಯಾ, ಹಡಗು ನಮ್ಮದು ಎನ್ನುತ್ತದೆ ಸ್ಪೇನ್, ಮೊದಲು ಹುಡುಕಿದ್ದು ನಾವು ಎನ್ನುತ್ತದೆ ಅಮೆರಿಕದ ಒಂದು ಕಂಪನಿ. ಕೊನೆಗೆ ಬೊಲಿವಿಯಾದ ಬೆಟ್ಟದಿಂದ ಖರಾ ಖರಾ ಎಂಬ ಸಮುದಾಯದವರು ಎದ್ದು, ‘ಆ ಬೆಳ್ಳಿ ಅಗೆದವರು ನಮ್ಮ ಅಜ್ಜಂದಿರು’ ಎಂದರು. ಈ ಮಾತು ನನಗೆ ಬಹಳ ಹಿಡಿಸಿತು. ಪಾಲು ಸಿಗುತ್ತದೋ ಬಿಡುತ್ತದೋ, ಲೆಕ್ಕದಲ್ಲಿ ಒಂದು ಸಾಲು ಸೇರಿತು.

ಮಾರ್ತಿರೆಸ್ ಹಡಗು ಬಿದ್ದ ಜಾಗದಲ್ಲಿ ಪೋರ್ಚುಗಲ್ಲಿನ ಪುರಾತತ್ತ್ವದವರು 1996ರಿಂದ ನೀರಿನಡಿ ಅಗೆತ ಮಾಡಿದರು. ನಕ್ಷತ್ರ ನೋಡಿ ದಿಕ್ಕು ಹಿಡಿಯುವ ಹಿತ್ತಾಳೆಯ ಯಂತ್ರಗಳು, ಚೀನಾದ ಪಿಂಗಾಣಿ, ಜಪಾನಿನ ಕತ್ತಿಯ ಒಂದು ತುಣುಕು, ಹಡಗಿನ ಅಡಿಮರ ಸಿಕ್ಕವು. 1998ರಲ್ಲಿ ಲಿಸ್ಬನ್‌ನ ದೊಡ್ಡ ಪ್ರದರ್ಶನದಲ್ಲಿ ಅವನ್ನು ಇಟ್ಟರು. ಅಡಿಮರದ ಹತ್ತಿರ, ಕೆಸರಿನಲ್ಲಿ, ಕಪ್ಪಗೆ ಒಂದು ಪದರ ಇತ್ತು. ಮೆಣಸು. ಸುಮಾರು 390 ವರ್ಷ ಉಪ್ಪುನೀರಿನಲ್ಲಿ ನೆನೆದೂ ಕಾಳು ಕಾಳಾಗಿಯೇ ಇತ್ತು. ಆ ಹಡಗನ್ನು ಈಗ ಎಲ್ಲರೂ ‘ಮೆಣಸಿನ ಹಡಗು’ ಎಂದೇ ಕರೆಯುತ್ತಾರೆ. ಬಂಗಾರಕ್ಕೆ ಆ ಗೌರವ ಸಿಗಲಿಲ್ಲ. ಅದರ ಚಿತ್ರ ನೋಡಿದಾಗ ನಾನು ಮಾಡಿದ ಮೊದಲ ಕೆಲಸ ಕಾಳಿನ ಸುಕ್ಕು ನೋಡಿದ್ದು. ಚೆನ್ನಾಗಿ ಒಣಗಿದ ಮೆಣಸೇ. ಯಾರೋ ನಾಲ್ಕು ಒಳ್ಳೆಯ ಬಿಸಿಲು ಕೊಟ್ಟಿದ್ದಾರೆ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ್ದಾರೆ.

ಅಧ್ಯಕ್ಷರು ಗಡಿಯಾರ ನೋಡಿದರು. ಶೃಂಗೇರಿ ಬಸ್ಸಿಗೆ ಹತ್ತು ನಿಮಿಷ ಇದೆ. ನಮ್ಮ ತೋಟದಲ್ಲಿ ಈ ವರ್ಷ ಇನ್ನೂ ಹನ್ನೆರಡು ಮರದ ಬಳ್ಳಿ ಕೊಯ್ಯುವುದು ಬಾಕಿ. ಏಣಿಯವರು ನಾಳೆ ಬರುತ್ತೇವೆ ಎಂದು ನಿನ್ನೆಯೂ ಹೇಳಿದ್ದರು. ಬರುವಾಗ ದಾರಿಯಲ್ಲಿ ಪಡುವಣಕ್ಕೆ ಮೋಡ ಕಟ್ಟಿತ್ತು.